ಬಾಲ್ಸಾ ರೆಕ್ಕೆಯ ಹಿಂದಿನ ಕೈಗಳು

ನಮ್ಮ ಇಂದಾಪುರ ಪುಣೆ ಜಿಲ್ಲೆಯ ಪೂರ್ವದ ಅಂಚಿನ ತಾಲ್ಲೂಕು. ಒಂದು ಕಡೆ ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು, ಇನ್ನೊಂದು ಕಡೆ ಮಳೆನೆರಳಿನ ಒಣ ಬಯಲು, ನಡುವೆ ಕಬ್ಬಿನ ಗದ್ದೆಗಳು. ಇದೇ ಭೀಮೆ ಮುಂದೆ ಇಂಡಿ, ಅಫಜಲಪುರದ ಕಡೆ ಹರಿದು ಕನ್ನಡನಾಡು ಸೇರುತ್ತಾಳೆ. ಹಾಗಾಗಿ ಇಲ್ಲಿರುವ ನಮ್ಮಂಥ ಕನ್ನಡದ ಮನೆಯವರಿಗೆ ಇದು ಪರ ಊರು ಅನಿಸುವುದಿಲ್ಲ. ಬಯಲು ಸೀಮೆಯಾದ್ದರಿಂದ ಆಕಾಶ ದೊಡ್ಡದು. ಚಳಿಗಾಲದಲ್ಲಿ ಭಿಗವಣದ ಹಿನ್ನೀರಿಗೆ ಫ್ಲೆಮಿಂಗೊಗಳು ಇಳಿಯುತ್ತವೆ. ನೆರೆಯ ಬಾರಾಮತಿಯಿಂದ ಹೊರಟ ತರಬೇತಿ ವಿಮಾನಗಳು ತಲೆಯ ಮೇಲೆ ಸುತ್ತುತ್ತವೆ. 2022ರ ಜುಲೈ 25ರಂದು ಅಂಥದೊಂದು ವಿಮಾನ ನಮ್ಮ ತಾಲ್ಲೂಕಿನ ಕಡಬನವಾಡಿಯ ಹೊಲದಲ್ಲಿ ಬಿತ್ತು. ಒಬ್ಬಳೇ ಹಾರಿಸುತ್ತಿದ್ದ ಶಿಕ್ಷಣಾರ್ಥಿ ಯುವತಿ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದಳು.

ಇಂಥ ಊರಿನ ಹುಡುಗಿಗೆ ವಿಮಾನದ ಹುಚ್ಚು ಹಿಡಿದರೆ ಅದರಲ್ಲಿ ಆಶ್ಚರ್ಯವೇನಿದೆ? ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ರೇಡಿಯೊದಿಂದ ಹಾರಿಸುವ ಮಾದರಿ ವಿಮಾನ ಕಟ್ಟಬೇಕು, ಬಾಲ್ಸಾ ಹಾಳೆ ತರಿಸಿಕೊಡು ಎಂದು ಹಟ ಹಿಡಿದಳು. ವಿಜಯಪುರದಿಂದ ಬಂದಿದ್ದ ನಮ್ಮ ಹಿರಿಯರೊಬ್ಬರು, "ಹುಡುಗ್ರ ಆಟ ಅಲ್ಲೇನವಾ ಅದು?" ಎಂದು ಕೇಳಿದರು. ಅವರದೇನೂ ಕೆಟ್ಟ ಮನಸ್ಸಲ್ಲ, ಎಲ್ಲರೂ ನಂಬಿರುವುದನ್ನೇ ಅವರೂ ಹೇಳಿದ್ದರು. ಆದರೆ ಆ ಪ್ರಶ್ನೆ ನನ್ನನ್ನು ಪುಸ್ತಕಗಳ ಕಡೆಗೆ ಕಳಿಸಿತು. ಓದುತ್ತಾ ಹೋದಂತೆ, ಈ "ಹುಡುಗರ ಆಟ"ದ ಚರಿತ್ರೆಯ ಒಂದೊಂದು ತಿರುವಿನಲ್ಲೂ ಹೆಣ್ಣಿನ ಕೈ ಕಾಣಿಸಿತು. ಅದನ್ನೇ ನಮ್ಮ ವೇದಿಕೆಯ ಸಖಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆಟಿಕೆಯೇ ಮೊದಲು

ಮನುಷ್ಯ ಹಾರುವ ಮೊದಲು ಅವನ ಆಟಿಕೆ ಹಾರಿತು. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೊ ಎಂಬ ಯುವಕ ರಬ್ಬರನ್ನು ಹುರಿಗೊಳಿಸಿ ಬಿಟ್ಟರೆ ತಿರುಗುವ ಪ್ರೊಪೆಲರ್ ಇರುವ ಪುಟ್ಟ ವಿಮಾನವನ್ನು ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಹಾರಿಸಿ ತೋರಿಸಿದ. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರು ಹೋಯಿತು. ಯಾರೂ ಹಿಡಿದು ನಡೆಸದಿದ್ದರೂ ತಾನೇ ಸಮತೋಲ ಕಾಯ್ದುಕೊಂಡಿತು ಎಂಬುದೇ ಅದರ ಹೆಚ್ಚುಗಾರಿಕೆ. ಪೆನೊ ಮಾದರಿಯ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಮಿಲ್ಟನ್ ರೈಟ್ ತಮ್ಮ ಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್.

ಅಪ್ಪ ತಂದ ಆಟಿಕೆಯ ಕಥೆ ಎಲ್ಲರಿಗೂ ಗೊತ್ತು. ಅಮ್ಮನ ಕಥೆ ಅಷ್ಟಾಗಿ ಗೊತ್ತಿಲ್ಲ. ಸೂಸನ್ ರೈಟ್ ಗಾಡಿ ಮಾಡುವವರ ಮಗಳು. ತಂದೆಯ ಕಾರ್ಯಾಗಾರದಲ್ಲಿ ಉಪಕರಣ ಹಿಡಿಯುವುದನ್ನು ಕಲಿತಿದ್ದರು. ಮನೆಗೆ ಬೇಕಾದ ಸಣ್ಣ ಸಲಕರಣೆಗಳನ್ನೂ ಮಕ್ಕಳ ಆಟಿಕೆಗಳನ್ನೂ ತಾವೇ ಮಾಡುತ್ತಿದ್ದರು. ಏನಾದರೂ ಮುರಿದರೆ, ಕೆಟ್ಟರೆ ಹುಡುಗರು ಹೋಗುತ್ತಿದ್ದದ್ದು ಪಾದ್ರಿಯಾಗಿದ್ದ ಅಪ್ಪನ ಬಳಿಗಲ್ಲ, ಅಮ್ಮನ ಬಳಿಗೆ. 1903ರಲ್ಲಿ ಮಕ್ಕಳು ಹಾರಿದ್ದನ್ನು ನೋಡಲು ಆಕೆ ಇರಲಿಲ್ಲ, 1889ರಲ್ಲೇ ತೀರಿಕೊಂಡಿದ್ದರು.

ಅದಾದ ಕೆಲವೇ ವರ್ಷಗಳಲ್ಲಿ ಐರ್ಲೆಂಡಿನ ಲಿಲಿಯನ್ ಬ್ಲಾಂಡ್ ಎಂಬ ಪತ್ರಕರ್ತೆ ವಿಮಾನ ಕಟ್ಟಲು ಹೊರಟಳು. ನೇರವಾಗಿ ದೊಡ್ಡದಕ್ಕೆ ಕೈ ಹಾಕಲಿಲ್ಲ. ಮೊದಲು ಆರು ಅಡಿ ರೆಕ್ಕೆಯ ಮಾದರಿ ಮಾಡಿ ಗಾಳಿಪಟದಂತೆ ಹಾರಿಸಿ ನೋಡಿದಳು. ಅದು ಏರಿದ ಮೇಲೆಯೇ ದೊಡ್ಡ ಗ್ಲೈಡರ್, ಆಮೇಲೆ ಎಂಜಿನ್. ಇಂಧನದ ಟ್ಯಾಂಕು ಬರುವುದು ತಡವಾದಾಗ ವಿಸ್ಕಿ ಬಾಟಲಿಗೆ ಅತ್ತೆಯ ಕಿವಿಗಹಳೆಯನ್ನು, ಎಂದರೆ ಕಿವಿ ಮಂದವಾದವರು ಬಳಸುತ್ತಿದ್ದ ಕೊಳವೆಯನ್ನು, ಜೋಡಿಸಿ ಪೆಟ್ರೋಲು ಹರಿಸಿದಳು. 1910ರಲ್ಲಿ ಅವಳ "ಮೇಫ್ಲೈ" ನೆಲ ಬಿಟ್ಟಿತು. ಮಗಳ ಪ್ರಾಣಕ್ಕೆ ಹೆದರಿದ ತಂದೆ, ಹಾರಾಟ ಬಿಟ್ಟರೆ ಕಾರು ಕೊಡಿಸುತ್ತೇನೆ ಎಂದರು. ಅವಳು ಕಾರು ತೆಗೆದುಕೊಂಡಳು. ಓದಿ ಮೊದಲು ನಗು ಬಂತು, ಆಮೇಲೆ ಬೇಸರವಾಯಿತು. ಹೆಣ್ಣುಮಕ್ಕಳ ಎಷ್ಟೋ ಹವ್ಯಾಸಗಳು ಹೀಗೆಯೇ, ಬೈಗುಳದಿಂದಲ್ಲ, ಪ್ರೀತಿಯ ಉಡುಗೊರೆಯಿಂದ ನಿಂತುಹೋಗುತ್ತವೆ.

ಬೂರುಗದ ನಂಟಿನ ಮರ

ಮಾದರಿ ವಿಮಾನವನ್ನು ಮನೆಯ ಮೇಜಿನ ಮೇಲೆ ಕಟ್ಟುವಂತೆ ಮಾಡಿದ್ದು ಬಾಲ್ಸಾ ಮರ. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಹೆಚ್ಚಿನ ಮರ ಬರುವುದು ಈಕ್ವೆಡಾರ್‌ನಿಂದ. ಸ್ಪ್ಯಾನಿಷ್ ಭಾಷೆಯಲ್ಲಿ "ಬಾಲ್ಸಾ" ಎಂದರೆ ತೆಪ್ಪ. ನಮ್ಮ ಬೂರುಗದ ಮರಕ್ಕೆ ಇದು ದೂರದ ನಂಟು, ಇದರ ಕಾಯಿಯೂ ಬೂರುಗದಂತೆ ಒಡೆದು ಅರಳೆ ಬಿಡುತ್ತದೆ. ಕೆಲವೇ ವರ್ಷಗಳಲ್ಲಿ ಎತ್ತರಕ್ಕೆ ಬೆಳೆದು ಕಡಿಯಲು ಸಿದ್ಧವಾಗುತ್ತದೆ. ಒಂದು ಘನ ಮೀಟರು ತೇಗ 600 ಕಿಲೋಗೂ ಹೆಚ್ಚು ತೂಗಿದರೆ, ಬಾಲ್ಸಾ ಸಾಮಾನ್ಯವಾಗಿ 100ರಿಂದ 200 ಕಿಲೋ. ಅಷ್ಟು ಹಗುರವಾದರೂ ಎಳೆಯ ಉದ್ದಕ್ಕೆ ಗಟ್ಟಿ. ಬ್ಲೇಡಿನಿಂದ ಕತ್ತರಿಸಬಹುದು, ಉಪ್ಪುಕಾಗದದಿಂದ ತಿದ್ದಬಹುದು.

ಇದನ್ನು ಆಟಿಕೆಯ ಮರವೆಂದು ಹಗುರವಾಗಿ ಕಾಣುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಅತಿ ವೇಗದ ವಿಮಾನಗಳಲ್ಲಿ ಒಂದಾದ "ಮಾಸ್ಕಿಟೊ" ವಿಮಾನದ ಮೈ, ಬರ್ಚ್ ಪದರಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದು. ಅದರ ಭಾಗಗಳು ತಯಾರಾದದ್ದು ಕುರ್ಚಿ, ಮೇಜು, ಪಿಯಾನೊ ಮಾಡುತ್ತಿದ್ದ ಕಾರ್ಖಾನೆಗಳಲ್ಲಿ. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಅಲ್ಲಿ ಅಂಟು ಹಚ್ಚಿ, ಮೊಳೆ ಬಡಿದವರಲ್ಲಿ ಹೆಂಗಸರೇ ಬಹಳ.

ಕಾಣದ ಲಗಾಮು

1930ರ ದಶಕದವರೆಗೂ ಮಾದರಿ ವಿಮಾನವನ್ನು ಬಿಟ್ಟ ಮೇಲೆ ಅದರ ಹಿಂದೆ ಓಡುವುದೊಂದೇ ದಾರಿ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 1937ರ ಹೊತ್ತಿಗೆ "ಗಫ್" ಎಂಬ ಮಾದರಿಗೆ ರೇಡಿಯೊ ಕೂರಿಸಿ ನೆಲದಿಂದಲೇ ತಿರುಗಿಸಿದರು. ಆ ವಿಮಾನ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ದಶಕದಲ್ಲಿ ಹಾಲಿವುಡ್ ನಟ ರೆಜಿನಾಲ್ಡ್ ಡೆನಿ ಮಾದರಿ ವಿಮಾನಗಳ ಅಂಗಡಿ ತೆರೆದ. ಆ ಹವ್ಯಾಸ ಬೆಳೆದು ರೇಡಿಯೊಪ್ಲೇನ್ ಕಂಪನಿಯಾಯಿತು. ಫಿರಂಗಿ ದಳದವರಿಗೆ ಗುರಿ ಅಭ್ಯಾಸಕ್ಕೆ ಬೇಕಾದ ಚಾಲಕರಹಿತ ವಿಮಾನಗಳನ್ನು ಅದು ಯುದ್ಧಕಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮಾಡಿತು. ಇಂದಿನ ಡ್ರೋನುಗಳ ಹಿರಿಯಜ್ಜಿ ಅನ್ನಬಹುದು. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನೂರಾರು ಹುಡುಗಿಯರಲ್ಲಿ ನಾರ್ಮಾ ಜೀನ್ ಒಬ್ಬಳು. ಸೇನೆಯ ಛಾಯಾಗ್ರಾಹಕನೊಬ್ಬ ಅಲ್ಲಿಗೆ ಬಂದು ಅವಳ ಫೋಟೊ ತೆಗೆದ, ಮುಂದೆ ಅವಳು ಮರ್ಲಿನ್ ಮನ್ರೋ ಆದಳು. ಅವಳ ಚೆಲುವನ್ನು ಜಗತ್ತು ನೆನಪಿಟ್ಟುಕೊಂಡಿತು, ಅವಳೊಂದಿಗೆ ವಿಮಾನ ಕಟ್ಟಿದ ಉಳಿದವರ ಹೆಸರು ಮರೆಯಿತು.

ಈ ಹವ್ಯಾಸದ ದೊಡ್ಡ ಸಾಹಸ ನಡೆದದ್ದು ನಮ್ಮ ಕಾಲದಲ್ಲೇ. 2003ರ ಆಗಸ್ಟ್‌ನಲ್ಲಿ 77 ವರ್ಷದ, ಕಣ್ಣು ಬಹುಪಾಲು ಮಂಜಾಗಿದ್ದ ಮೇನಾರ್ಡ್ ಹಿಲ್ ಕಟ್ಟಿದ ಬಾಲ್ಸಾ ವಿಮಾನ ಕೆನಡಾದ ತೀರದಿಂದ ಹೊರಟು ಅಟ್ಲಾಂಟಿಕ್ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಇಂಧನವೂ ಸೇರಿ 5 ಕಿಲೋ ಮೀರದ ವಿಮಾನ, ಸುಮಾರು 3,000 ಕಿಲೋಮೀಟರು, ಹತ್ತಿರ ಹತ್ತಿರ 39 ಗಂಟೆ! ಕಣ್ಣು ಕೈಕೊಟ್ಟಾಗ ಬೆರಳುಗಳು ನೋಡಿದವು.

ಜಕ್ಕೂರಿನ ಕಡೆಗೆ

ನಮ್ಮ ಕನ್ನಡನಾಡಿನ ಪಾಲೂ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲೇ ವಿಮಾನ ವಿಜ್ಞಾನದ ವಿಭಾಗ ಶುರುವಾಯಿತು. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ ಅವರು ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನವನ್ನು ನೋಡಿ ಮರುಳಾದರು, ಮುಂದೆ ದೇಶದ ದೊಡ್ಡ ವಿಮಾನ ವಿಜ್ಞಾನಿಯಾದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಿಂದ ದೊಡ್ಡ ಗಾಳಿಸುರಂಗವಿದೆ. ನಮ್ಮ ವಿಮಾನಗಳೂ ರಾಕೆಟ್ಟುಗಳೂ ಮೊದಲು ಪುಟ್ಟ ಮಾದರಿಗಳಾಗಿ ಅದರ ಗಾಳಿಗೆ ಎದೆಯೊಡ್ಡಿ ಪರೀಕ್ಷೆ ಪಾಸಾಗಬೇಕು. ಮಾದರಿ ಎಂದರೆ ಆಟ ಎನ್ನುವವರಿಗೆ ಇಷ್ಟು ಸಾಕಲ್ಲವೇ?

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ಮೊಟ್ಟಮೊದಲು ತೇರ್ಗಡೆಯಾದದ್ದು ಒಬ್ಬ ಹೆಣ್ಣುಮಗಳು, ಉಷಾ ಸುಂದರಂ. 1951ರಲ್ಲಿ ಪತಿಯೊಂದಿಗೆ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದು ದಾಖಲೆ ಮಾಡಿದರು. ಎನ್‌ಸಿಸಿಯಲ್ಲಿ ಬಾಲಕಿಯರ ವಿಭಾಗ ಆರಂಭವಾದದ್ದೂ 1949ರಲ್ಲೇ. ಇಂದು ಎನ್‌ಸಿಸಿ ವಾಯುದಳದ ಹುಡುಗಿಯರು ಹುಡುಗರ ಜೊತೆಗೇ ಏರೋಮಾಡೆಲಿಂಗ್ ಕಲಿಯುತ್ತಾರೆ.

ಹೊಲಿಗೆ ಬಲ್ಲವರಿಗೆ ಇದೇನು ಮಹಾ

ಮಗಳ ಪಕ್ಕ ಕೂತು ಕೆಲಸ ಮಾಡುವಾಗ ನನಗೆ ಹೊಳೆದದ್ದು ಇದು: ಈ ಕೆಲಸದ ಅರ್ಧ ನಮಗೆ ಮೊದಲೇ ಗೊತ್ತು. ನಕ್ಷೆಯನ್ನು ಹಲಗೆಯ ಮೇಲೆ ಹರಡಿ, ಅಂಟು ಹತ್ತದಂತೆ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಕಡ್ಡಿಗಳನ್ನು ಗುಂಡುಪಿನ್ನಿನಿಂದ ನಿಲ್ಲಿಸುತ್ತಾರೆ. ಕುಪ್ಪಸಕ್ಕೆ ಪೇಪರ್ ಕಟಿಂಗ್ ಮಾಡುವವರಿಗೆ ಇದೇನು ಹೊಸದೇ? ಬಟ್ಟೆಗೆ ಎಳೆಯ ದಿಕ್ಕು ಇರುವಂತೆ ಬಾಲ್ಸಾಕ್ಕೂ ಇದೆ. ಅದು ರೆಕ್ಕೆಯ ಉದ್ದಕ್ಕೆ ಹೋಗಬೇಕು, ಅಡ್ಡ ಹೋದರೆ ಲಟಕ್ಕನೆ ಮುರಿಯುತ್ತದೆ. ಹಿಂದೆ ಮೇಲುಹೊದಿಕೆಗೆ ತೆಳುಕಾಗದ ಅಂಟಿಸಿ ಡೋಪ್ ಎಂಬ ವಾರ್ನಿಷ್ ಬಳಿಯುತ್ತಿದ್ದರು. ಈಗ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸಿ ಇಸ್ತ್ರಿ ಮಾಡಿದರೆ ಬಿಗಿಯಾಗಿ ಕೂರುತ್ತದೆ.

ಹೊಸದಾಗಿ ಕಲಿಯಬೇಕಾದದ್ದು ಸಮತೋಲ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ಬಾಲ ಭಾರವಾದರೆ ಹಿಡಿತಕ್ಕೆ ಸಿಗುವುದಿಲ್ಲ. ಹಾರಿಸುವಾಗ ಇನ್ನೊಂದು ತೊಡಕು: ವಿಮಾನ ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಎದುರಿನವರ ಜಾಗದಲ್ಲಿ ನಿಂತು ಯೋಚಿಸುವುದನ್ನು ಹೀಗೂ ಕಲಿಸಬಹುದು! ಇಂದಾಪುರದ ಬಯಲಿನಲ್ಲಿ ಮುಂಜಾನೆಯ ಗಾಳಿಯೇ ಒಳ್ಳೆಯದು. ಬಿಸಿಲೇರಿದರೆ ಬಿಸಿಗಾಳಿಯ ಸುಳಿಗಳು ಹದ್ದನ್ನು ಎತ್ತುವಂತೆ ವಿಮಾನವನ್ನೂ ಎತ್ತಿಬಿಡುತ್ತವೆ. ನೀರಹಕ್ಕಿಗಳಿರುವ ಹಿನ್ನೀರಿನ ಹತ್ತಿರ ಹಾರಿಸಬಾರದು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ, ಆದ್ದರಿಂದ ಆ ಜಾಗದಲ್ಲಿ ಅನುಮತಿ ಇದೆಯೇ ಎಂದು ನಕಾಶೆ ನೋಡಿಯೇ ಹೊರಡಬೇಕು, ಕಣ್ಣಳತೆ ಮೀರಿ ಬಿಡಬಾರದು.

ಬಾಲ್ಸಾ ವಿಮಾನ ಬೀಳುತ್ತದೆ, ಮುರಿಯುತ್ತದೆ. ಮುರಿದ ಪಕ್ಕೆಲುಬನ್ನು ಅಂಟಿಸಿ ಮರುದಿನ ಮತ್ತೆ ಬಯಲಿಗೆ ಒಯ್ಯುವುದೇ ಈ ಹವ್ಯಾಸದ ತಿರುಳು. ಬೀಳುವ ಹಕ್ಕು, ಮತ್ತೆ ಕಟ್ಟುವ ಹಕ್ಕು ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಸುಲಭವಾಗಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ "ಬೀಳಬೇಡ" ಎಂಬ ಎಚ್ಚರಿಕೆ ಮಾತ್ರ ಸಿಗುತ್ತದೆ. ಸಖಿಯರೇ, ಈ ಬೇಸಿಗೆ ರಜೆಯಲ್ಲಿ ನಿಮ್ಮ ಮನೆಯ ಹುಡುಗಿ ಒಂದು ಬ್ಲೇಡು, ಒಂದು ಅಂಟಿನ ಸೀಸೆ, ನಾಲ್ಕು ಹಾಳೆ ಬಾಲ್ಸಾ ಕೇಳಿದರೆ ತರಿಸಿಕೊಡಿ. ಅದರ ಬದಲು ಬೇರೇನನ್ನೋ ಕೊಡಿಸಬೇಡಿ.