ಕೊಡೆ, ಚಾಮರ ಮತ್ತು ಪರಿಗ್ರಹ

ಮಧ್ಯಕಾಲೀನ ಕರ್ನಾಟಕದ ಶಾಸನಗಳನ್ನು ಓದುವವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣವು ಮತ್ತೆ ಮತ್ತೆ ಎದುರಾಗುತ್ತದೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂಬ ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕನ್ನು ಪಡೆದವನು ಎಂಬುದು ಅದರ ಅರ್ಥ. ಇಂತಹ ಮರ್ಯಾದೆಗಳು ಸಾಮಂತನಿಗೆ ಒಡೆಯನ ಅನುಗ್ರಹದಿಂದ ದೊರೆಯುತ್ತಿದ್ದವು, ಹಣವೊಂದಿದ್ದರೆ ಸಾಲದು. ಜಿನಧರ್ಮಕ್ಕೆ ಆಶ್ರಯವಿತ್ತ ಸವದತ್ತಿಯ ರಟ್ಟರೂ ತಮ್ಮ ಶಾಸನಗಳಲ್ಲಿ ಸುವರ್ಣಗರುಡಧ್ವಜವನ್ನೂ ತ್ರಿವಳಿವಾದ್ಯವನ್ನೂ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಕೊಡೆ, ಚಾಮರ, ಧ್ವಜಗಳೊಡನೆ ಮೆರವಣಿಗೆ ಹೊರಟರೆ ಯಾರು ಯಾರಿಗಿಂತ ಮೇಲೆಂಬುದು ಅಕ್ಷರವರಿಯದವನಿಗೂ ತಿಳಿಯುತ್ತಿತ್ತು.

ಅದೇ ನಾಡಿನ ಶಿಲ್ಪಿಯು ಬಸದಿಯಲ್ಲಿ ಜಿನಬಿಂಬಕ್ಕೆ ಮುಕ್ಕೊಡೆಯನ್ನು ಹಿಡಿಸಿದನು, ಇಕ್ಕೆಲಗಳಲ್ಲಿ ಚಾಮರಧಾರಿಗಳನ್ನು ನಿಲ್ಲಿಸಿದನು. ಆದರೆ ಆ ಕೊಡೆಯ ಕೆಳಗಿರುವವನು ಉಟ್ಟ ಬಟ್ಟೆಯನ್ನೂ ಉಳಿಸಿಕೊಳ್ಳದ ದಿಗಂಬರ. ಅರಸೊತ್ತಿಗೆಯ ಚಿಹ್ನೆಗಳು ಅಲ್ಲಿ ತ್ಯಾಗಕ್ಕೆ ಶರಣಾದವು.

ಜಗತ್ತು ಇದನ್ನು ಪೂರ್ಣವಾಗಿ ಒಪ್ಪಿತೆಂದು ಹೇಳಲಾಗದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರನು ರಾಜ್ಯವು ಕೈತಪ್ಪಿದ ಮೇಲೆ ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡು ಮುಡಿಪಿದನು. ಅಲ್ಲಿಯ ಶಾಸನವು ಆತನ ಚೆಂಡಾಟದ ಕೌಶಲವನ್ನು ವಿಸ್ತಾರವಾಗಿ ಕೊಂಡಾಡುತ್ತದೆ. ಎಲ್ಲವನ್ನೂ ತೊರೆದವನನ್ನು ಸ್ಮರಿಸುವಾಗಲೂ ಅರಮನೆಯ ಆಟವು ಮರೆಯಲಿಲ್ಲ.

ಸರ್ವಸಂಗ ಪರಿತ್ಯಾಗವು ಗೃಹಸ್ಥನಿಗೆ ಅಸಾಧ್ಯವೆಂದೇ ಆಚಾರ್ಯರು ಅವನಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ವಿಧಿಸಿದರು. ಮಿತಿ ಮೀರಬಾರದೆಂದು ತತ್ತ್ವಾರ್ಥಸೂತ್ರವು ಎಣಿಸುವ ಪರಿಗ್ರಹಗಳಲ್ಲಿ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ, ಬಟ್ಟೆಬರೆಗಳೊಡನೆ ದಾಸೀದಾಸರೂ ಸೇರಿದ್ದಾರೆ. ಈ ಒಂದು ಪದದ ಮುಂದೆ ನಾವು ನಿಂತು ಯೋಚಿಸಬೇಕು. ಆ ಕಾಲದ ಸಮಾಜದಲ್ಲಿ ಮನುಷ್ಯರೂ ಆಸ್ತಿಯ ಲೆಕ್ಕದಲ್ಲಿದ್ದರು. ವ್ರತವು ಅವರ ಸಂಖ್ಯೆಗೆ ಮಿತಿ ಹಾಕಿತೇ ಹೊರತು ಆ ಲೆಕ್ಕದಿಂದ ಅವರನ್ನು ಬಿಡಿಸಲಿಲ್ಲ. ಇದನ್ನು ಮರೆಮಾಚುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ಆದರೆ ಪರಿಗ್ರಹವೆಂದರೆ ಮೂರ್ಛೆ, ಎಂದರೆ ‘ನನ್ನದು’ ಎಂಬ ಮೋಹ, ಎಂದು ಅದೇ ಗ್ರಂಥವು ಬೋಧಿಸುತ್ತದೆ. ಆ ಬೋಧೆಯನ್ನು ಕೊನೆಯವರೆಗೂ ಅನುಸರಿಸಿದರೆ ಇನ್ನೊಬ್ಬ ಮನುಷ್ಯನನ್ನು ‘ನನ್ನವನು’ ಎಂದು ಆಸ್ತಿಯಂತೆ ಎಣಿಸಲು ಎಡೆಯೇ ಉಳಿಯುವುದಿಲ್ಲ.

ಇಂದು ಮರ್ಯಾದೆಯ ಚಿಹ್ನೆಗಳನ್ನು ಅರಸನು ದಯಪಾಲಿಸಬೇಕಾಗಿಲ್ಲ. ಹಣವುಳ್ಳವನು ತಾನೇ ಕೊಳ್ಳುತ್ತಾನೆ. ಮದುವೆಯ ಮಂಟಪದಲ್ಲಿ, ಮನೆಯ ಮುಂದೆ ನಿಲ್ಲುವ ಕಾರಿನಲ್ಲಿ, ಕೆಲವೊಮ್ಮೆ ಅಭಿಷೇಕದ ಮೊದಲ ಕಲಶಕ್ಕೆ ಕೂಗುವ ಸವಾಲಿನಲ್ಲಿಯೂ ಹಳೆಯ ಪಂಚಮಹಾಶಬ್ದವೇ ಕೇಳಿಸುತ್ತದೆ. ದಾನವು ಬೇಡವೆಂದಲ್ಲ, ಬಸದಿಗಳು ನಿಂತಿರುವುದೇ ದಾನದಿಂದ. ಆದರೆ ವ್ರತವನ್ನು ಸ್ವೀಕರಿಸುವ ಶ್ರಾವಕ ಶ್ರಾವಿಕೆಯರು ಚಿನ್ನದ ತೂಕವನ್ನು ಗೊತ್ತುಪಡಿಸುವ ದಿನವೇ, ತಮ್ಮ ಮನೆಯಲ್ಲಿ ದುಡಿಯುವವರ ಸಂಬಳ, ಊಟ, ವಿಶ್ರಾಂತಿಗಳನ್ನೂ ಒಮ್ಮೆ ವಿಚಾರಿಸಿಕೊಳ್ಳಲಿ.