ಕಡಲಹಸು ಮರಿಯಮ್ ಮತ್ತು ನಮ್ಮ ಹೊನ್ನುಹೊಳೆಯ ಆನೆಗಳು

ಸಂತೆಮರಹಳ್ಳಿಗೆ ಸಮುದ್ರ ದೂರ. ಆದರೂ ಕಡಲಿನ ಒಂದು ಪ್ರಾಣಿಗೂ ನಮ್ಮ ಕಾಡಿನ ಆನೆಗೂ ನೆಂಟಸ್ತಿಕೆ ಉಂಟು. ಅದು ಡುಗಾಂಗ್, ಅಂದರೆ ಕಡಲಹಸು. ನೋಡಲು ಮೀನಿನ ಹಾಗಿದ್ದರೂ ಮೀನಲ್ಲ. ಮರಿಗೆ ಹಾಲೂಡಿಸುತ್ತದೆ, ಉಸಿರಿಗೆ ನೀರಿನ ಮೇಲೆ ಬರುತ್ತದೆ, ಕಡಲತಳದ ಹುಲ್ಲು ಮೇಯುತ್ತದೆ. ಇದಕ್ಕೂ ಆನೆಗೂ ಮೂಲ ಒಂದೇ ಎನ್ನುತ್ತಾರೆ ವಿಜ್ಞಾನಿಗಳು. ಎರಡಕ್ಕೂ ಮೊಲೆಗಳಿರುವುದು ಎದೆಯ ಬಳಿ, ಹಸುವಿನಂತೆ ಹಿಂಗಾಲ ನಡುವೆ ಅಲ್ಲ.

2019ರ ಏಪ್ರಿಲ್‌ನಲ್ಲಿ ಥಾಯ್ಲೆಂಡಿನ ಕ್ರಾಬಿ ತೀರದಲ್ಲಿ ತಾಯಿ ತಪ್ಪಿದ ಹೆಣ್ಣು ಕಡಲಹಸುವಿನ ಮರಿಯೊಂದು ಸಿಕ್ಕಿತು. ಮರಿಯಮ್ ಎಂದು ಹೆಸರಿಟ್ಟು, ಲಿಬಾಂಗ್ ದ್ವೀಪದ ಬಳಿ ಕಡಲಲ್ಲೇ ಬಿಟ್ಟು ಸಾಕಿದರು. ಪಶುವೈದ್ಯರು ನೀರಿಗಿಳಿದು ಹಾಲು ಕುಡಿಸಿದರು, ಹುಲ್ಲು ತಿನ್ನಿಸಿದರು. ಮನುಷ್ಯರಿಗೆ ಅಂಟಿಕೊಂಡ ಆ ಮರಿಯ ಚಿತ್ರಗಳು ಎಲ್ಲರ ಫೋನಿನಲ್ಲೂ ಓಡಾಡಿದವು. ಅದೇ ಆಗಸ್ಟ್ 17ರಂದು ಅದು ಸತ್ತಿತು. ಕರುಳಿನಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು.

ಕಾಡುಪ್ರಾಣಿಯನ್ನು ಮನುಷ್ಯರ ಕೈಯಲ್ಲಿ ಇಟ್ಟುಕೊಳ್ಳುವ ಚರಿತ್ರೆ ನಮಗೆ ಹೊಸತಲ್ಲ. 1874ರಲ್ಲಿ ಸ್ಯಾಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಚಾಮರಾಜನಗರದ ಬಳಿ, ಹೊನ್ನುಹೊಳೆಯ ದಡದಲ್ಲಿ ಖೆಡ್ಡಾ ಮಾಡಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದ. ಮುಂದೆ ಕಾಕನಕೋಟೆಯ ಖೆಡ್ಡಾ ನೋಡಲು ದೊಡ್ಡ ದೊಡ್ಡ ಅತಿಥಿಗಳು ಬಂದರು. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಮೈಸೂರು ಮೃಗಾಲಯ ಕಟ್ಟಿಸಿದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಕಾಯ್ದೆ ಬಂತು. ಕಡಲಹಸುವಿಗೂ ಅದರಲ್ಲಿ ರಕ್ಷಣೆ ಇದೆ.

ಪ್ರದರ್ಶನದ ಆಸೆ ಮಾತ್ರ ಅಷ್ಟಕ್ಕೇ ಹೋಗಲಿಲ್ಲ. 1998ರಲ್ಲಿ ಬಲ್ಗೇರಿಯಾದಿಂದ ಚೆನ್ನೈಗೆ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತವು. 2013ರಲ್ಲಿ ಕೇಂದ್ರ ಸರ್ಕಾರ, ಡಾಲ್ಫಿನ್ ಆಟದ ಕೊಳಗಳಿಗೆ ಅನುಮತಿ ಕೊಡಬೇಡಿ ಎಂದು ರಾಜ್ಯಗಳಿಗೆ ಹೇಳಿತು. ಡಾಲ್ಫಿನ್ ಎಲ್ಲಿ ಎಂದು ಮಕ್ಕಳು ಕೇಳಿದರೆ ಕೊಡಬಹುದಾದ ಉತ್ತರ ಇದೇ.

ರಕ್ಷಿಸಿ ಸಾಕುವುದು ಬೇರೆ, ತೋರಿಸಲು ಸಾಕುವುದು ಬೇರೆ. ಗುಂಡ್ಲುಪೇಟೆ ಕಡೆ ಹಿಡಿದ ಹುಲಿ, ಚಿರತೆಗಳನ್ನು ಒಯ್ಯುವ ಮೈಸೂರಿನ ಕೂರ್ಗಳ್ಳಿ ಕೇಂದ್ರ ಜನ ನೋಡಿ ಬರುವ ಜಾಗವಲ್ಲ. ಪ್ರಾಣಿಗೆ ಬೇಕಾದ್ದು ನೆಮ್ಮದಿ, ನಮ್ಮ ಸೆಲ್ಫಿಯಲ್ಲ.

ಹಾಗಾದರೆ ಕಡಲಹಸುವಿಗೆ ನಾವೇನು ಮಾಡಬಹುದು? 2022ರಲ್ಲಿ ತಮಿಳುನಾಡು ಪಾಕ್ ಕೊಲ್ಲಿಯಲ್ಲಿ, ತಂಜಾವೂರು, ಪುದುಕೋಟೆ ಕರಾವಳಿಗೆ ಹೊಂದಿದ 448 ಚದರ ಕಿಲೋಮೀಟರ್ ಕಡಲನ್ನು ಅದಕ್ಕಾಗಿ ಮೀಸಲಿಟ್ಟಿತು. ನಮ್ಮ ಹೊನ್ನುಹೊಳೆ ಕಾವೇರಿ ಸೇರುತ್ತದೆ, ಕಾವೇರಿ ಆ ಸೀಮೆಯ ಕಡಲು ಸೇರುತ್ತದೆ. ಸಂತೆ ಮುಗಿದ ಮೇಲೆ ಹೊಳೆಗೆ ಬೀಳುವ ಪ್ಲಾಸ್ಟಿಕ್ ಕವರಿಗೂ ದಾರಿ ಅದೇ. ಸಂತೆಗೆ ಹೊರಡುವಾಗ ಕೈಯಲ್ಲಿ ಬಟ್ಟೆ ಚೀಲ ಇರಲಿ. ಅಷ್ಟು ನಮ್ಮ ಊರಿನಿಂದಲೇ ಆಗುವ ಕೆಲಸ.