ದೀಪಾವಳಿ ಕಸೂತಿ: ಮನಿಯೊಳಗಿನ ಉದ್ಯೋಗದ ಹಳೀ ಕಥಿ

ಶ್ರಾವಣ ಮುಗೀತು ಅಂದ್ರ ನಮ್ಮ ಮನಿ ಫೋನು ಸುಮ್ಮನ ಕೂಡೂದಿಲ್ಲ. "ವೈನಿ, ದೀಪಾವಳಿಗೆ ಒಂದು ಕಸೂತಿ ಸೀರಿ ಆಗ್ತದೇನು?" "ಕಾಕೂ, ಮಗಳ ಕುಬಸ ಅದ, ಸೆರಗಿಗಷ್ಟ ಹಾಕಿ ಕೊಡ್ರಿ." ಈ ಸಲ ಹತ್ತು ಮಂದಿ ಕೇಳಿದ್ರು, ನಾನು ಮೂರು ಸೀರಿ ಅಷ್ಟ ತಗೊಂಡೆ. ಉಳಿದ ಏಳು ಮಂದಿ ಸಿಟ್ಟಾಗ್ಯಾರ. ಅವರೊಳಗ ಮೂರ್ನಾಕು ಮಂದಿ ಇದನ್ನ ಓದ್ತಾರ ಅನ್ನೂದೂ ನನಗ ಗೊತ್ತದ. ಅದಕ್ಕ ಈ ಕೆಲಸದ ಹಿಂದಿನ ಕಥಿ ಬರೀಲಿಕ್ಕೆ ಕೂತೀನಿ. ಓದಿ ಆಮ್ಯಾಲೆ ಬೈರಿ.

ಕಸೂತಿ ಅಂದ್ರ ಕೈ ಮತ್ತು ಸೂತ, ಕೈಯಿಂದ ಮಾಡಿದ ನೂಲಿನ ಕೆಲಸ ಅಂತ ಅರ್ಥ ಹೇಳ್ತಾರ. ನಮ್ಮ ಧಾರವಾಡ, ಹುಬ್ಬಳ್ಳಿ, ವಿಜಾಪುರ, ಬಾಗಲಕೋಟಿ ಕಡೆ ಇದು ಮದಲಿಂದಲೂ ಹೆಣ್ಣುಮಕ್ಕಳ ಕೆಲಸ. ಆದ್ರ ಮದಲು ಇದು ಮಾರೋ ಕೆಲಸ ಆಗಿರಲಿಲ್ಲ. ಮಗಳ ಮದುವಿ ಅಂದ್ರ ತಾಯಿ, ಅಜ್ಜಿ, ಸೋದರತ್ತಿ ಕೂಡಿ ಇಳಕಲ್ ಸೀರಿಗೆ, ಗುಳೇದಗುಡ್ಡದ ಖಣಕ್ಕ ಕಸೂತಿ ಹಾಕ್ತಿದ್ರು. ಕರೀ ಚಂದ್ರಕಾಳಿ ಸೀರಿ ಮ್ಯಾಲಿನ ಕಸೂತಿಗಂತೂ ಭಾಳ ಮಾನ. ಬ್ಯಾರೆ ಶುಭಕಾರ್ಯಕ್ಕ ಕರೀ ಬಣ್ಣ ಬ್ಯಾಡ ಅನ್ನೋ ಮಂದೀನೂ ಬಸಿರಿ ಹೆಂಗಸಿಗೆ ಚಂದ್ರಕಾಳಿ ಉಡಿಸಿ ಆರತಿ ಮಾಡ್ತಿದ್ರು.

ಚಿತ್ರ ಎಲ್ಲಾ ನಾವು ದಿನಾ ನೋಡೂವೇ. ಗುಡಿ ಗೋಪುರ, ತೇರು, ತುಳಸಿಕಟ್ಟಿ, ಅಂಬಾರಿ ಆನಿ, ಬಸವಣ್ಣ, ನವಿಲು, ಗಿಣಿ, ತೊಟ್ಟಿಲು, ಕಮಲ. ಅರಿವಿ ಮ್ಯಾಲೆ ಗೆರಿ ಹೊಡಿಯೂದಿಲ್ಲ, ಅಚ್ಚು ಒತ್ತೂದಿಲ್ಲ. ಹಾಸು ಹೊಕ್ಕಿನ ಎಳಿ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳಿ ತಪ್ಪಿದ್ರ ಗೋಪುರದ ಕಳಸ ಸೊಟ್ಟ ಆಗ್ತದ. ಹಾಕೂ ಪದ್ಧತಿ ನಾಕು. ಗಾವಂತಿಯೊಳಗ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ತಿರುಗಿ ಬರುವಾಗ ಬಿಟ್ಟ ಜಾಗಾ ತುಂಬೂದು. ಮುರಗಿ ಅಂದ್ರ ಮೆಟ್ಟಲ ಹಂಗ ಏರಿಳಿಯೂದು. ಇವೆರಡೂ ಒಳಗ ಹೊರಗ ಒಂದೇ ಥರಾ ಕಾಣ್ತಾವ, ಗಂಟು ಹಾಕೂಹಂಗಿಲ್ಲ. ನೇಯ್ಗಿ ನೋಡಿದ್ರ ಮಗ್ಗದಾಗ ನೇಯ್ದಹಂಗ ಕಾಣ್ತದ. ಮೆಂತಿ ಅಂದ್ರ ಕತ್ತರಿ ಹೊಲಿಗಿ, ತುಂಬಲಿಕ್ಕೆ ಹಾಕೂದು, ಮೆಂತ್ಯಾ ಕಾಳು ಸಾಲಾಗಿ ಇಟ್ಟಹಂಗ ಇರ್ತದ. ನಮ್ಮ ಗಾವಂತಿಯಂಥಾ ಹೊಲಿಗಿ ಯುರೋಪಿನಾಗೂ ಅದ. ಅದಕ್ಕ 16ನೇ ಶತಮಾನದ ಚಿತ್ರಕಾರ ಹೋಲ್ಬೈನ್ ಅನ್ನೋರ ಹೆಸರು ಇಟ್ಟಾರ, ಯಾಕಂದ್ರ ಅವರು ಬರೆದ ಚಿತ್ರದಾಗಿನ ಮಂದಿ ಅಂಗಿ ತೋಳಿಗೆ ಈ ಹೊಲಿಗಿ ಕಾಣ್ತದ. ಅಲ್ಲಿ ಚಿತ್ರ ಬರೆದವರ ಹೆಸರು ಉಳೀತು. ಇಲ್ಲಿ ಹಾಕಿದವರ ಹೆಸರು ಒಂದೂ ಉಳೀಲಿಲ್ಲ.

ಸ್ವಾತಂತ್ರ್ಯ ಬಂದ ಮ್ಯಾಲೆ ಇದು ರೊಕ್ಕದ ಕೆಲಸ ಆಗ್ತಾ ಬಂತು. 1952ರಾಗ ಅಖಿಲ ಭಾರತ ಕರಕುಶಲ ಮಂಡಳಿ ಶುರು ಆತು. ಅದರ ಮುಖ್ಯಸ್ಥರಾದವರು ಮಂಗಳೂರಿನಾಗ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮನಿಯೊಳಗಿನ ಕೈಕೆಲಸಕ್ಕೂ ಪ್ಯಾಟಿ ಬೇಕು, ಬೆಲಿ ಬೇಕು ಅಂತ ದೇಶ ತುಂಬ ಓಡಾಡಿದ ಹೆಣ್ಣುಮಗಳು. ಮುಂದ ನಮ್ಮ ರಾಜ್ಯದ ಕಾವೇರಿ ಎಂಪೋರಿಯಂ ಬಂದ್ವು, ಕಸೂತಿ ಸೀರಿ ಬೆಂಗಳೂರಿನ ಗಾಜಿನ ಕಪಾಟಿಗೆ ಹೋದ್ವು. 1999ರ ಕಾಯ್ದೆ ಆದ ಮ್ಯಾಲೆ ಕಸೂತಿಗೆ ಭೌಗೋಳಿಕ ಗುರುತೂ ಸಿಕ್ಕದ, ಅಂದ್ರ ಈ ಹೆಸರು ನಮ್ಮ ಸೀಮಿದು ಅಂತ ಕಾನೂನು ಒಪ್ಪಿಕೊಂಡದ.

ಆದ್ರ ಗುರುತು ಹೆಸರಿಗೆ ಸಿಕ್ತು, ಸೂಜಿ ಹಿಡಿದಾಕಿಗೆ ಎಷ್ಟು ಸಿಕ್ತು? ಅದಕ್ಕ ನಮ್ಮವ್ವನ ಕಥಿ ಹೇಳ್ಬೇಕು.

ನಾನು ಪಿಯುಸಿ ಓದೂ ಕಾಲದಾಗ ನಮ್ಮವ್ವ ಒಂದು ಅಂಗಡಿಯವರಿಂದ ಸೀರಿ ತಂದು ಕಸೂತಿ ಹಾಕ್ತಿದ್ಲು. ದಸರಾ ದೀಪಾವಳಿ ನಡುವ 20 ದಿನ. ಆ ಇಪ್ಪತ್ತು ದಿನ ಆಕಿಗೆ ನಿದ್ದಿ ಇರ್ತಿರಲಿಲ್ಲ. ಚಕ್ಕಲಿ, ಕರ್ಚಿಕಾಯಿ, ಸುಣ್ಣಾ ಬಣ್ಣಾ ಎಲ್ಲಾ ಮುಗಿಸಿ, ನಾವು ಮಲಗಿದ ಮ್ಯಾಲೆ ಕಂದೀಲು ಹಚ್ಚಿಕೊಂಡು ಕೂಡಾಕಿ. ಕರೆಂಟು ಬಂದು ಬಂದು ಹೋಗೂ ಕಾಲ, ಕರೀ ಸೀರಿ ಮ್ಯಾಲೆ ಎಳಿ ಎಣಿಸೂದು. ಒಂದು ವರ್ಷ ಸೀರಿ ಕೊಡಲಿಕ್ಕೆ ಹೋದಾಗ ಅಂಗಡಿಯವರು ಒಳಗ ಹೊರಗ ತಿರುವಿ ನೋಡಿ, ನೇಯ್ಗಿ ಹಾಕಿದ್ದು ಒಳಗಿಂದ ಬ್ಯಾರೆ ಕಾಣ್ತದ ಅಂತ ಅರ್ಧಾ ರೊಕ್ಕ ಕೊಟ್ಟು ಕಳಿಸಿದ್ರು. ನೇಯ್ಗಿ ಒಳಗಿಂದ ಬ್ಯಾರೆನೇ ಇರ್ತದ, ಅದು ಅದರ ಗುಣ. ಅವ್ವ ಒಂದು ಮಾತೂ ಆಡಲಿಲ್ಲ. ಮನಿಗೆ ಬಂದು ಆ ರೊಕ್ಕದಾಗ ನಮಗ ಪಟಾಕಿ ತಂದ್ಲು.

ಮುಂದ ನನ್ನ ಕುಬಸಕ್ಕಂತ ಒಂದು ಚಂದ್ರಕಾಳಿ ಹಿಡಿದಿದ್ಲು. ಪರರ ಆರ್ಡರು ಮದಲು, ಮಗಳದು ಆಮ್ಯಾಲೆ. ಹಂಗಾಗಿ ಅದು ಮುಗೀಲೇ ಇಲ್ಲ. ನನ್ನ ಕುಬಸದಾಗ ನಾನು ಅಂಗಡಿ ಸೀರಿ ಉಟ್ಟೆ. ಅಷ್ಟೊತ್ತಿಗೆ ಆಕಿ ಕಣ್ಣೂ ಮಂಜಾಗಿತ್ತು.

ನಾನೂ ಮದಲು ಅದೇ ತಪ್ಪು ಮಾಡಿದೆ. ಮಕ್ಕಳು ದೊಡ್ಡವರಾದ ಮ್ಯಾಲೆ ಓಣಿಯವರು ಕೇಳಿದ್ರು ಅಂತ ಶುರು ಮಾಡಿ, ಬಳಗ ಅಂತ ಬಾಯಿಗೆ ಬಂದಷ್ಟು ಹೇಳ್ತಿದ್ದೆ. ನಮ್ಮ ಸೊಸಿ ಒಂದಿನ ಪಕ್ಕಕ್ಕ ಕೂತು ಲೆಕ್ಕಾ ಹಾಕಿದ್ಲು. "ಅತ್ತೀ, ಒಂದು ಸೀರಿಗೆ 45 ದಿನ, ದಿನಕ್ಕ 4 ತಾಸು. ಒಟ್ಟು 180 ತಾಸು. ನೀವು ತಗೊಂಡಿದ್ದು 3000 ರೂಪಾಯಿ. ಅಂದ್ರ ತಾಸಿಗೆ 17 ರೂಪಾಯಿನೂ ಬೀಳೂದಿಲ್ಲ. ರೇಷ್ಮಿ ದಾರದ ಖರ್ಚು ತಗದ್ರ ಇನ್ನೂ ಕಡಿಮಿ." ನಾನು ಸುಮ್ಮನಾದೆ. ನಮ್ಮವ್ವನ ಅರ್ಧಾ ರೊಕ್ಕ ನೆನಪಾತು. ಆಕಿಗೆ ಅಂಗಡಿಯವರು ಮಾಡಿದ್ದನ್ನ ನನಗ ನಾನೇ ಮಾಡ್ಕೊಂಡಿದ್ದೆ.

ಆವತ್ತಿಂದ ಒಂದು ವಹಿ ಇಟ್ಟೀನಿ. ಸೂಜಿ ಹಿಡಿದ ತಾಸು ಎಲ್ಲಾ ಬರೀತೀನಿ. ದೀಪಾವಳಿಗೆ ಬೇಕಾದ್ರ ಪಂಚಮಿಗೂ ಮದಲು ಹೇಳ್ಬೇಕು. ಅರ್ಧಾ ರೊಕ್ಕ ಮುಂಚೆ ಕೊಡ್ಬೇಕು, ಅದು ಅಕ್ಕ ಆಗಲಿ, ನಾದಿನಿ ಆಗಲಿ. ಎಳಿ ಎಣಿಸಲಿಕ್ಕೆ ಬರದಂಥಾ ನುಣುಪು ಅರಿವಿ ತಂದ್ರ ಆಗೂದಿಲ್ಲ ಅಂತ ಅಲ್ಲೇ ಹೇಳ್ತೀನಿ. ರಾತ್ರಿ ಹೊತ್ತು ಕರೀ ಸೀರಿ ಮುಟ್ಟೂದಿಲ್ಲ. ಮಷೀನಿನಾಗ ಹಾಕಿದ್ದು ಸಸ್ತಾ ಸಿಗ್ತದಲ್ಲ ಅಂದ್ರ, ಅದನ್ನೇ ತಗೋರಿ ಅಂತ ನಗ್ತಾ ಹೇಳ್ತೀನಿ. ಮಷೀನಿಗೆ ಹೊಟ್ಟಿ ಹಸಿಯೂದಿಲ್ಲ, ಕಣ್ಣು ನೋಯೂದಿಲ್ಲ. ಕೈಕಸೂತಿ ಬೇಕಂದ್ರ ಸೆರಗು ತಿರುವಿ ನೋಡ್ರಿ. ಗಾವಂತಿ, ಮುರಗಿ ಎರಡೂ ಕಡೆ ಒಂದೇ ಇದ್ದು, ಗಂಟು ಕಾಣದಿದ್ರ ಅದು ಕೈದು.

ಏಳು ಮಂದಿಗೆ ಇಲ್ಲ ಅಂದದ್ದಕ್ಕ ಇನ್ನೊಂದು ಕಾರಣನೂ ಅದ. ಅವ್ವನ ಟ್ರಂಕಿನಾಗ ಆ ಚಂದ್ರಕಾಳಿ ಇನ್ನೂ ಅದ. ಒಂದು ಗೋಪುರ ಅರ್ಧಕ್ಕ ನಿಂತದ, ಅದರೊಳಗ ಆಕಿ ಚುಚ್ಚಿಟ್ಟ ಸೂಜಿ ತುಕ್ಕು ಹಿಡಿದದ. ನಮ್ಮ ಸೊಸಿಗೆ ಈಗ ಐದು ತಿಂಗಳು. ಹಬ್ಬ ಮುಗಿದ ಮ್ಯಾಲೆ ಕುಬಸ. ಹಳೀ ಸೂಜಿ ತಗದು ಹೊಸಾ ಸೂಜಿ ಪೋಣಿಸೀನಿ. ಅವ್ವನ ಎಳಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಎಣಿಸ್ಕೋತ ಹೊಂಟೀನಿ. ದಿನಕ್ಕ ಒಂದು ತಾಸು, ಹಗಲ ಬೆಳಕಿನಾಗ. ಈ ತಾಸೂ ವಹಿಯೊಳಗ ಬರೀತೀನಿ, ಎದುರಿಗೆ ರೊಕ್ಕದ ಜಾಗಾ ಖಾಲಿ ಬಿಡ್ತೀನಿ.

ಕುಬಸಕ್ಕ ಎಲ್ಲಾರೂ ಬರ್ರಿ. ಸಿಟ್ಟಾದ ಏಳು ಮಂದೀನೂ ಬರ್ರಿ. ನಿಮ್ಮ ಸೀರಿ ಸಂಕ್ರಾಂತಿ ಆದ ಮ್ಯಾಲೆ ಶುರು ಮಾಡ್ತೀನಿ, ಅರ್ಧಾ ರೊಕ್ಕ ಮಾತ್ರ ಮರೀಬ್ಯಾಡ್ರಿ.